ಮುಂಬಯಿ ಲೋಕಲ್: ಬಲ್ಲವರಿಗೆ ಜೀವನಾಡಿ, ಹೊಸಬರಿಗೆ ಅಗ್ನಿಪರೀಕ್ಷೆ

ಮುಂಬಯಿ: ಇಲ್ಲಿನ ಉಪನಗರ ರೈಲು ಒಂದು ನಿಲ್ದಾಣದಲ್ಲಿ ನಿಲ್ಲುವುದು ಸಾಮಾನ್ಯವಾಗಿ ಅರ್ಧ ನಿಮಿಷಕ್ಕಿಂತ ಕಡಿಮೆ. ಅಷ್ಟರೊಳಗೆ ಇಳಿಯುವವರು ಇಳಿಯಬೇಕು, ಹತ್ತುವವರು ಹತ್ತಬೇಕು. ನಿತ್ಯ ಪ್ರಯಾಣಿಕನಿಗೆ ಇಷ್ಟು ಸಮಯ ಧಾರಾಳವಾಯಿತು. ಎರಡು ನಿಲ್ದಾಣ ಮೊದಲೇ ಎದ್ದು ಬಾಗಿಲಿನತ್ತ ಸರಿದಿರುವ ಆತನಿಗೆ ಪ್ಲಾಟ್‌ಫಾರ್ಮ್ ಎಡಕ್ಕೆ ಬರುವುದೋ ಬಲಕ್ಕೆ ಬರುವುದೋ ಎಂಬುದೂ ಬಾಯಿಪಾಠ. ಊರಿನಿಂದ ಬಂದಿಳಿದ ಹೊಸಬನಿಗೆ ಇವುಗಳಲ್ಲಿ ಒಂದೂ ತಿಳಿದಿರುವುದಿಲ್ಲ. ತಿಳಿಯದಿರುವುದೇ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲ ಸಾರ್ವಜನಿಕ ಸಾರಿಗೆ ವ್ಯವಸ್ಥೆಯೊಂದಿದ್ದರೆ ಅದು ಮುಂಬಯಿಯ ಲೋಕಲ್ ರೈಲು.

2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ನಿಲ್ದಾಣದ ಬಳಿಯ ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಪರಸ್ಪರ ತಗುಲಿ ಹಳಿಯ ಮೇಲೆ ಬಿದ್ದರು. ಕನಿಷ್ಠ ನಾಲ್ವರು ಮೃತಪಟ್ಟರು, ಹಲವರು ಗಾಯಗೊಂಡರು. ಆ ದಿನ ದೇಶದ ಗಮನವೆಲ್ಲ ಮುಂಬ್ರಾದತ್ತ ತಿರುಗಿತಾದರೂ ಈ ಜಾಲದಲ್ಲಿ ಸಾವು ಹೊಸ ಸುದ್ದಿಯಲ್ಲ. 2023ರ ಒಂದೇ ವರ್ಷದಲ್ಲಿ ಮುಂಬಯಿ ಉಪನಗರ ಹಳಿಗಳ ಮೇಲೆ ಸತ್ತವರ ಸಂಖ್ಯೆ 2590. ದಿನಕ್ಕೆ ಸರಾಸರಿ ಏಳು ಮಂದಿ. ಇವರಲ್ಲಿ ಅರ್ಧದಷ್ಟು ಜನ ಹಳಿ ದಾಟುವಾಗ ಸತ್ತರೆ, ಐನೂರಕ್ಕೂ ಹೆಚ್ಚು ಮಂದಿ ಓಡುವ ರೈಲಿನಿಂದ ಬಿದ್ದವರು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ವಿಚಾರಣೆ ನಡೆಸಿದ ಬಾಂಬೆ ಹೈಕೋರ್ಟ್ 2024ರ ಜೂನ್‌ನಲ್ಲಿ, ಜನರನ್ನು ಸಾಗಿಸುತ್ತಿರುವ ರೀತಿ ನಾಚಿಕೆಗೇಡು ಎಂಬರ್ಥದ ಮಾತುಗಳಲ್ಲಿ ರೈಲ್ವೆಯನ್ನು ತರಾಟೆಗೆ ತೆಗೆದುಕೊಂಡಿತ್ತು.

ಈ ಅಂಕಿ ಅಂಶಗಳನ್ನು ಕೇಳಿದವರಿಗೆ ಸಹಜವಾಗಿಯೇ ಇನ್ನೊಂದು ಪ್ರಶ್ನೆ ಮೂಡಬೇಕು. ಸುಮಾರು 390 ಕಿ.ಮೀ. ಉದ್ದದ ಜಾಲದಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಮಿಕ್ಕಿದ ರೈಲುಗಳು, 75 ಲಕ್ಷದ ಆಸುಪಾಸಿನ ಪ್ರಯಾಣಿಕರು, ಬಹುಪಾಲು ತೆರೆದ ಬಾಗಿಲುಗಳ ಮೂಲಕ. ಹೀಗಿದ್ದೂ ಸಾವಿನ ಸಂಖ್ಯೆ ಇದರ ಹತ್ತು ಪಟ್ಟು ಏಕಾಗಿಲ್ಲ? ಉತ್ತರ ರೈಲ್ವೆಯ ಬಳಿ ಇಲ್ಲ, ಪ್ರಯಾಣಿಕರ ಬಳಿ ಇದೆ. ಎಲ್ಲಿ ನಿಲ್ಲಬೇಕು, ಯಾವ ಕಂಬಿ ಹಿಡಿಯಬೇಕು, ಯಾವಾಗ ತಿರುಗಬೇಕು, ಚೀಲವನ್ನು ಬೆನ್ನಿನಿಂದ ಎದೆಗೆ ಯಾವಾಗ ತರಬೇಕು ಎಂಬ ವಿದ್ಯೆಯನ್ನು ಮುಂಬಯಿಗರು ವರ್ಷಗಳ ಅಭ್ಯಾಸದಿಂದ ಕಲಿತಿದ್ದಾರೆ. ಸುರಕ್ಷತೆಯ ಬಹುಪಾಲು ಹೊಣೆಯನ್ನು ರೈಲ್ವೆ ಮೌನವಾಗಿ ಈ ಅಭ್ಯಾಸದ ಹೆಗಲಿಗೆ ಹೊರಿಸಿದೆ. ಅಭ್ಯಾಸವಿಲ್ಲದವನು ಬಂದಾಗ ಮಾತ್ರ ವ್ಯವಸ್ಥೆಯ ಬಣ್ಣ ಬಯಲಾಗುತ್ತದೆ.

ಪಾಸುದಾರರ ರಾಜ್ಯ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ 34 ಕಿ.ಮೀ. ಓಡಿದ ರೈಲು ದೇಶದ ಮೊದಲ ಪ್ರಯಾಣಿಕ ರೈಲು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ ಮತ್ತು ಕುರ್ಲಾ ನಡುವೆ ಹಾರ್ಬರ್ ಮಾರ್ಗದಲ್ಲಿ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಇಂದು ಪಶ್ಚಿಮ ಮಾರ್ಗ ಚರ್ಚ್‌ಗೇಟ್‌ನಿಂದ ವಿರಾರ್ ದಾಟಿ ಡಹಾಣುವರೆಗೂ, ಮಧ್ಯ ಮಾರ್ಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಕಲ್ಯಾಣ್ ದಾಟಿ ಕಸಾರಾ ಹಾಗೂ ಖೋಪೋಲಿಯವರೆಗೂ, ಹಾರ್ಬರ್ ಮಾರ್ಗ ಪನ್ವೇಲ್‌ವರೆಗೂ ಚಾಚಿಕೊಂಡಿವೆ. 2024ರ ಜನವರಿಯಲ್ಲಿ ಉರಣ್ ಕೂಡ ಸೇರಿತು.

ಜಾಲ ಬೆಳೆದಂತೆ ಜನರೂ ಬೆಳೆದರು. ಒಂಬತ್ತು ಬೋಗಿಗಳ ರೈಲಿಗೆ ಲೆಕ್ಕಹಾಕಿದ ಸಾಮರ್ಥ್ಯ 1700 ಮಂದಿ. ದಟ್ಟಣೆಯ ವೇಳೆ ಅದರಲ್ಲಿ 4500 ಮಂದಿ ತುಂಬಿಕೊಳ್ಳುತ್ತಿದ್ದರು. ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಮಂದಿ ನಿಲ್ಲುವ ಈ ಸ್ಥಿತಿಗೆ ಅಧಿಕಾರಿಗಳು 'ಸೂಪರ್ ಡೆನ್ಸ್ ಕ್ರಶ್ ಲೋಡ್' ಎಂಬ ಹೆಸರನ್ನೂ ಇಟ್ಟರು. ಈಗ 12 ಮತ್ತು 15 ಬೋಗಿಗಳ ರೈಲುಗಳು ಓಡುತ್ತಿವೆ. ನೂಕುನುಗ್ಗಲು ಮಾತ್ರ ಹೋಗಿಲ್ಲ. ಸಮಸ್ಯೆಗೆ ಪರಿಹಾರಕ್ಕಿಂತ ಮೊದಲು ಪಾರಿಭಾಷಿಕ ಪದ ದೊರೆಯುವುದು ನಮ್ಮ ಆಡಳಿತದ ಹಳೆಯ ಚಾಳಿ.

ಈ ವ್ಯವಸ್ಥೆ ರೂಪುಗೊಂಡದ್ದು ದಿನವೂ ಅದೇ ಹೊತ್ತಿಗೆ ಅದೇ ರೈಲನ್ನು ಏರುವ ಮಾಸಿಕ ಪಾಸುದಾರನಿಗಾಗಿ. ಅವನಿಗೆ ಫಲಕ ಬೇಕಿಲ್ಲ, ಸೂಚನೆ ಬೇಕಿಲ್ಲ. ಆದರೆ ಹೊರಗಿನಿಂದ ಬರುವವರ ಸಂಖ್ಯೆಯೂ ಕಡಿಮೆಯದಲ್ಲ, ಅವರೆಲ್ಲ ಗೇಟ್‌ವೇ ನೋಡಲು ಬಂದ ಪ್ರವಾಸಿಗಳೂ ಅಲ್ಲ. ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ರೋಗಿಯನ್ನು ಕರೆತಂದವರು, ಕೆಲಸದ ಸಂದರ್ಶನಕ್ಕೆ ಬಂದ ಯುವಕರು, ನೆಂಟರ ಮನೆಯ ಮದುವೆಗೆ ಹೊರಟ ಕುಟುಂಬಗಳು ಇವರಲ್ಲಿ ಸೇರಿದ್ದಾರೆ. ಕರಾವಳಿಯಿಂದ 'ಬೊಂಬಾಯಿ'ಗೆ ಹೋಗುವವರ ಪರಂಪರೆಯಂತೂ ತಲೆಮಾರುಗಳಷ್ಟು ಹಳೆಯದು. ಹಿಂದೆ ಊರಿನಿಂದ ಬಂದವನನ್ನು ಇಳಿಸಿಕೊಳ್ಳಲು ಮಾವನೋ ಅಣ್ಣನೋ ಹೋಟೆಲಿನ ಜತೆಗಾರನೋ ನಿಲ್ದಾಣಕ್ಕೆ ಬರುತ್ತಿದ್ದರು. ಮೊದಲ ಭಾನುವಾರ ಕೈಹಿಡಿದು ಲೋಕಲ್ ಹತ್ತಿಸಿ ಇಳಿಸಿ ಕಲಿಸುತ್ತಿದ್ದರು. ಈಗ ಹೆಚ್ಚಿನವರಿಗೆ ದಾರಿ ತೋರುವುದು ಕೈಯಲ್ಲಿರುವ ಮೊಬೈಲು. ಅದು ಯಾವ ರೈಲು ಎಂದು ಹೇಳುತ್ತದೆ, ಬಾಗಿಲಲ್ಲಿ ಹೇಗೆ ನಿಲ್ಲಬೇಕೆಂದು ಹೇಳುವುದಿಲ್ಲ.

ಅಕ್ಷರಗಳ ಒಗಟು

ಮಂಗಳೂರಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ರೋಗಿಯೊಡನೆ ಬರುವ ಕುಟುಂಬದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಊರಿನವರು ಇಂದಿಗೂ 'ಕುರ್ಲಾ' ಎಂದೇ ಕರೆಯುವ ಲೋಕಮಾನ್ಯ ತಿಲಕ್ ಟರ್ಮಿನಸ್‌ವರೆಗೆ ಟಿಕೆಟ್ ಇರುತ್ತದೆ. ಆದರೆ ಅಲ್ಲಿಂದ ಲೋಕಲ್ ಹಿಡಿಯಲು ತಿಲಕ್ ನಗರ ಅಥವಾ ಕುರ್ಲಾ ಉಪನಗರ ನಿಲ್ದಾಣಕ್ಕೆ ಸಾಮಾನು ಹೊತ್ತು ಹೋಗಬೇಕು. ಅದರ ಬದಲು ಥಾಣೆಯಲ್ಲೇ ಇಳಿದರೆ ಅದೇ ನಿಲ್ದಾಣದಲ್ಲಿ ಮಧ್ಯ ಮಾರ್ಗದ ಲೋಕಲ್ ಸಿಗುತ್ತದೆ. ಇಲ್ಲಿ ಎದುರಾಗುವುದು 'ಫಾಸ್ಟ್' ಮತ್ತು 'ಸ್ಲೋ' ಎಂಬ ಭೇದ. ಫಾಸ್ಟ್ ಗಾಡಿಗಳು ಸಾಮಾನ್ಯವಾಗಿ ಪರೇಲ್‌ನಲ್ಲಿ ನಿಲ್ಲುವುದಿಲ್ಲ. ಅದರಲ್ಲಿ ಹತ್ತಿದರೆ ದಾದರ್‌ನಲ್ಲಿ ಇಳಿದು, ಮೇಲ್ಸೇತುವೆ ಏರಿ, ಮತ್ತೊಂದು ಪ್ಲಾಟ್‌ಫಾರ್ಮ್ ಹುಡುಕಿ ಸ್ಲೋ ಗಾಡಿ ಹಿಡಿಯಬೇಕು. ಉಳಿಯುವುದು ಹೆಚ್ಚೆಂದರೆ ಕೆಲವು ನಿಮಿಷ. ದಾದರ್‌ನ ಜನಸಾಗರದಲ್ಲಿ ರೋಗಿ ಅನುಭವಿಸುವ ಯಾತನೆ ಅದಕ್ಕಿಂತ ದೊಡ್ಡದು. ಥಾಣೆಯಿಂದಲೇ ಹೊರಡುವ ಸ್ಲೋ ಗಾಡಿಯಲ್ಲಿ ಕುಳಿತರೆ ಆಸನವೂ ಸಿಕ್ಕೀತು, ನೇರವಾಗಿ ಪರೇಲ್‌ಗೂ ತಲುಪಬಹುದು. ಅಂಗವಿಕಲರಿಗೆಂದು ಮೀಸಲಾದ ಪ್ರತ್ಯೇಕ ಕಂಪಾರ್ಟ್‌ಮೆಂಟಿನಲ್ಲಿ ಕ್ಯಾನ್ಸರ್ ರೋಗಿಗಳಿಗೂ ಪ್ರವೇಶವಿದೆ. ಈ ಸರಳ ವಿಷಯವನ್ನು ಥಾಣೆಯಲ್ಲಿ ಇಳಿದ ಕುಟುಂಬಕ್ಕೆ ಹೇಳುವವರು ಯಾರು? ಎಕ್ಸ್‌ಪ್ರೆಸ್ ತಡವಾಗಿ ಬಂದು ಬೆಳಗಿನ ಎಂಟರ ನಂತರ ತಲುಪಿದರಂತೂ ಲೋಕಲ್ ಯೋಚನೆಯನ್ನೇ ಕೈಬಿಟ್ಟು ಟ್ಯಾಕ್ಸಿ ಹಿಡಿಯುವುದು ಲೇಸು. ಹಣ ಹೋದರೂ ಚಿಂತೆಯಿಲ್ಲ.

ಪ್ಲಾಟ್‌ಫಾರ್ಮಿನ ಮೇಲೆ ತೂಗುವ ಸೂಚನಾ ಫಲಕ, ಅಂದರೆ ಇಲ್ಲಿನವರ 'ಇಂಡಿಕೇಟರ್', ಹೊಸಬನಿಗೆ ಒಗಟು. ಅದರಲ್ಲಿ ಗಾಡಿಯ ಕೊನೆಯ ನಿಲ್ದಾಣದ ಸಂಕೇತಾಕ್ಷರ, ಸಮಯ, ಬೋಗಿಗಳ ಸಂಖ್ಯೆ, ಫಾಸ್ಟ್‌ಗೆ 'ಎಫ್', ಸ್ಲೋಗೆ 'ಎಸ್' ಇರುತ್ತವೆ. ಮಧ್ಯ ಮಾರ್ಗದಲ್ಲಿ ಕಲ್ಯಾಣ್, ಕರ್ಜತ್, ಕಸಾರಾ, ಖೋಪೋಲಿ ಎಲ್ಲವೂ ಇಂಗ್ಲಿಷಿನ 'ಕೆ' ಅಕ್ಷರದಿಂದಲೇ ಆರಂಭವಾಗುವುದರಿಂದ ಕಲ್ಯಾಣ್‌ಗೆ 'ಕೆ', ಕಸಾರಾಕ್ಕೆ 'ಎನ್', ಕರ್ಜತ್‌ಗೆ 'ಎಸ್' ಎಂಬ ಸಂಕೇತಗಳು ಬಳಕೆಗೆ ಬಂದವು. ಹೀಗಾಗಿ ಒಂದೇ ಫಲಕದಲ್ಲಿ 'ಎಸ್' ಎಂದರೆ ಒಂದು ಕಡೆ ಕರ್ಜತ್, ಇನ್ನೊಂದು ಕಡೆ ಸ್ಲೋ! 'ಎ' ಎಂದರೆ ಪಶ್ಚಿಮ ಮಾರ್ಗದಲ್ಲಿ ಅಂಧೇರಿ, ಮಧ್ಯ ಮಾರ್ಗದಲ್ಲಿ ಅಂಬರನಾಥ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಘೋಷಣೆ ಮೊಳಗುತ್ತದೆ, ನಿಜ. ಗದ್ದಲದಲ್ಲಿ ಅದನ್ನು ಆಲಿಸಲು ಅಭ್ಯಾಸವಾದ ಕಿವಿ ಬೇಕು. ದಾದರ್‌ನಲ್ಲಿ ಪಶ್ಚಿಮ ಮತ್ತು ಮಧ್ಯ ರೈಲ್ವೆಗಳೆರಡೂ ಪ್ರತ್ಯೇಕವಾಗಿ ಒಂದರಿಂದ ಎಣಿಸುತ್ತಿದ್ದ ಕಾರಣ ಒಂದೇ ನಿಲ್ದಾಣದಲ್ಲಿ ಎರಡೆರಡು 'ಒಂದನೇ ನಂಬರ್' ಪ್ಲಾಟ್‌ಫಾರ್ಮ್‌ಗಳಿದ್ದವು. ಅವನ್ನು 1ರಿಂದ 14ರವರೆಗೆ ಒಂದೇ ಸಾಲಿನಲ್ಲಿ ಎಣಿಸಲು ರೈಲ್ವೆಗೆ 2023ರ ಡಿಸೆಂಬರ್‌ವರೆಗೆ ಸಮಯ ಬೇಕಾಯಿತು.

ಕನ್ನಡಿಗರು ಮೋಸಹೋಗುವ ಇನ್ನೊಂದು ಜಾಗ ಮಾಟುಂಗ. ಮಧ್ಯ ಮಾರ್ಗದ ನಿಲ್ದಾಣ 'ಮಾಟುಂಗ', ಪಶ್ಚಿಮ ಮಾರ್ಗದ್ದು 'ಮಾಟುಂಗ ರೋಡ್'. ಮೈಸೂರು ಅಸೋಸಿಯೇಷನ್ ಇರುವುದು ಪೂರ್ವದಲ್ಲಿ, ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹ ಇರುವುದು ಪಶ್ಚಿಮದಲ್ಲಿ. ಕಾರ್ಯಕ್ರಮದ ಆಮಂತ್ರಣದಲ್ಲಿ ಬರೇ 'ಮಾಟುಂಗ' ಎಂದು ಓದಿ ಹೊರಟವರು ತಪ್ಪು ನಿಲ್ದಾಣದಲ್ಲಿ ಇಳಿಯುವುದು ಸುಲಭ. ಇಲ್ಲಿ ಯಾವ ವಿಳಾಸಕ್ಕೂ 'ಈಸ್ಟ್' ಅಥವಾ 'ವೆಸ್ಟ್' ಎಂಬ ಬಾಲವಿಲ್ಲದೆ ಅರ್ಥವಿಲ್ಲ.

ದಿಕ್ಕು ಮತ್ತು ಹೊತ್ತು ಎರಡನ್ನೂ ಅರಿತವನಿಗೆ ಲೋಕಲ್ ಇಷ್ಟು ಕ್ರೂರವಲ್ಲ. ಬೆಳಗ್ಗೆ ಜನ ದಕ್ಷಿಣಕ್ಕೆ ಹರಿಯುತ್ತಾರೆ, ಸಂಜೆ ಉತ್ತರಕ್ಕೆ ಮರಳುತ್ತಾರೆ. ಮಧ್ಯಾಹ್ನ ಹನ್ನೊಂದೂವರೆಯಿಂದ ನಾಲ್ಕರವರೆಗೆ ಕಿಟಕಿ ಬದಿಯ ಸೀಟೂ ಸಿಗಬಹುದು. ಭಾನುವಾರ ಜನ ಕಡಿಮೆ ಎಂಬುದು ನಿಜವಾದರೂ ಅಂದೇ ಹಳಿ ದುರಸ್ತಿಗೆಂದು 'ಮೆಗಾ ಬ್ಲಾಕ್' ಹೆಸರಿನಲ್ಲಿ ಹಲವು ತಾಸು ಕೆಲವು ಮಾರ್ಗಗಳು ಬಂದ್ ಆಗುತ್ತವೆ. ಮಧ್ಯರಾತ್ರಿ ಸುಮಾರು ಒಂದರಿಂದ ನಾಲ್ಕರವರೆಗೆ ರೈಲು ಇಲ್ಲವೆಂದೇ ತಿಳಿಯಬೇಕು. ದೂರದ ಗಾಡಿಯಲ್ಲಿ ಹತ್ತಿರದ ನಿಲ್ದಾಣದವರು ಏರಬಾರದೆಂಬ ಅಲಿಖಿತ ಕಾನೂನೂ ಇದೆ. ಸಂಜೆಯ ವಿರಾರ್ ಫಾಸ್ಟ್ ಹತ್ತಿ ಬೋರಿವಲಿಯಲ್ಲಿ ಇಳಿಯುತ್ತೇನೆಂದರೆ ಬಾಗಿಲಲ್ಲಿರುವವರು ದಾರಿ ಬಿಡದಿರಬಹುದು, ನಿಂದನೆಯ ಮಾತುಗಳೂ ಕೇಳಿಬರಬಹುದು. ಅವರ ಸಿಟ್ಟಿಗೂ ಕಾರಣವಿದೆ: ವಿರಾರ್‌ವರೆಗೆ ಹೋಗುವವರಿಗೆ ಬೇರೆ ಗಾಡಿಗಳು ಕಡಿಮೆ, ಬೋರಿವಲಿಗೆ ಹೆಚ್ಚು. ಆದರೆ ಹೊಸಬನಿಗೆ ಇದನ್ನು ಯಾವ ಫಲಕವೂ ತಿಳಿಸುವುದಿಲ್ಲ. ತಿಳಿಸಲು ಬರುವುದೂ ಇಲ್ಲ, ಏಕೆಂದರೆ ಕಾನೂನಿನ ಪ್ರಕಾರ ಆತ ಏರಿದ್ದು ತಪ್ಪೇ ಅಲ್ಲ.

ಇದೇ ಜನ ಮೂವರ ಆಸನದಲ್ಲಿ ನಾಲ್ಕನೆಯವನಿಗೆ ಜಾಗ ಮಾಡಿಕೊಡುವುದನ್ನೂ, 'ಎಲ್ಲಿ ಇಳಿಯುತ್ತೀರಿ' ಎಂದು ಕೇಳಿ ಬಾಗಿಲ ದಿಕ್ಕನ್ನು ತೋರಿಸುವುದನ್ನೂ ಹೇಳದೆ ಹೋದರೆ ಚಿತ್ರ ಅಪೂರ್ಣ. ಇಲ್ಲಿ ಕೇಳಿದವರಿಗೆ ಉತ್ತರ ಸಿಗುತ್ತದೆ. ಕೇಳಲು ಸಂಕೋಚಪಡುವವನೇ ಕೆಡುವುದು.

ಟಿಕೆಟ್ ವಿಷಯದಲ್ಲಿ ಪರದಾಟ ಹಿಂದಿನಷ್ಟಿಲ್ಲ. ಕನಿಷ್ಠ ದರ ಐದು ರೂಪಾಯಿ. ಸ್ವಯಂಚಾಲಿತ ಯಂತ್ರಗಳಿವೆ, 2025ರ ಜುಲೈಯಲ್ಲಿ ಆರಂಭವಾದ 'ರೈಲ್‌ಒನ್' ಮೊಬೈಲ್ ಸೇವೆಯೂ ಇದೆ. ಎಲ್ಲ ಉಪನಗರ ಮಾರ್ಗಗಳಲ್ಲಿ ಓಡಾಡಲು ಒಂದು, ಮೂರು ಮತ್ತು ಐದು ದಿನಗಳ ಪ್ರವಾಸಿ ಟಿಕೆಟ್ ಇದೆಯೆಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅದಕ್ಕೆ ತಕ್ಕ ಪ್ರಚಾರವೂ ಇಲ್ಲ. ಹೊಸಬರು ಎಡವುವುದು ಬೋಗಿಯ ಆಯ್ಕೆಯಲ್ಲಿ. ಹೊರಗಿನಿಂದ ನೋಡಿದರೆ ಮೊದಲ ದರ್ಜೆಗೂ ಎರಡನೆಯ ದರ್ಜೆಗೂ ದೊಡ್ಡ ವ್ಯತ್ಯಾಸ ಕಾಣದು. ಕೆಂಪು ಹಳದಿ ಓರೆ ಪಟ್ಟಿಗಳನ್ನು ಗುರುತಿಸದೆ ಒಳಹೊಕ್ಕವನಿಗೆ ದಂಡ ಕಾದಿರುತ್ತದೆ. ಎರಡನೆಯ ದರ್ಜೆಯ ಟಿಕೆಟ್ ಹಿಡಿದು ಎ.ಸಿ. ಲೋಕಲ್ ಏರಿದವನ ಪಾಡೂ ಅದೇ. ಮಹಿಳೆಯರ ಬೋಗಿಗೆ ಗಂಡಸರು ಹತ್ತುವುದು ಅಪರಾಧ. ಗಂಡ ಹೆಂಡತಿ ಬೇರೆ ಬೇರೆ ಬೋಗಿ ಏರುವುದಾದರೆ ಇಳಿಯುವ ನಿಲ್ದಾಣವನ್ನೂ, ಇಳಿದ ಮೇಲೆ ಸೇರುವ ಜಾಗವನ್ನೂ ಮೊದಲೇ ನಿಗದಿ ಮಾಡಿಕೊಳ್ಳದಿದ್ದರೆ ಪ್ಲಾಟ್‌ಫಾರ್ಮಿನುದ್ದಕ್ಕೂ ಹುಡುಕಾಡಬೇಕಾಗುತ್ತದೆ.

ಸಾವಿನ ನಂತರದ ಲೆಕ್ಕ

ಅಪಾಯ ಬಾಗಿಲಲ್ಲಷ್ಟೇ ಇಲ್ಲ. 2014ರ ಜನವರಿಯಲ್ಲಿ ಘಾಟ್ಕೋಪರ್‌ನಲ್ಲಿ ರೈಲು ಮತ್ತು ಪ್ಲಾಟ್‌ಫಾರ್ಮ್ ನಡುವಿನ ಸಂದಿಗೆ ಜಾರಿದ 16ರ ಹರೆಯದ ವಿದ್ಯಾರ್ಥಿನಿ ಎರಡೂ ಕೈ ಕಳೆದುಕೊಂಡ ಬಳಿಕವೇ, ನ್ಯಾಯಾಲಯ ಚಾಟಿ ಬೀಸಿದ ಮೇಲೆ, ಪ್ಲಾಟ್‌ಫಾರ್ಮ್‌ಗಳನ್ನು ಎತ್ತರಿಸುವ ಕೆಲಸಕ್ಕೆ ವೇಗ ಬಂದದ್ದು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಪಾದಚಾರಿ ಸೇತುವೆಯಲ್ಲಿ ಮಳೆಯ ನಡುವೆ ಉಂಟಾದ ಕಾಲ್ತುಳಿತ 23 ಮಂದಿಯನ್ನು ಬಲಿತೆಗೆದುಕೊಂಡಿತು. ಆ ನಿಲ್ದಾಣಕ್ಕೆ ಈಗ ಪ್ರಭಾದೇವಿ ಎಂದು ಹೆಸರು. 2025ರ ನವೆಂಬರ್ 6ರಂದು ರೈಲ್ವೆ ನೌಕರರ ದಿಢೀರ್ ಪ್ರತಿಭಟನೆಯಿಂದ ಗಾಡಿಗಳು ಸ್ಥಗಿತಗೊಂಡಾಗ ಪ್ರಯಾಣಿಕರು ಇಳಿದು ಹಳಿಗುಂಟ ನಡೆದರು. ಸ್ಯಾಂಡ್‌ಹರ್ಸ್ಟ್ ರೋಡ್ ಬಳಿ ಹಾಗೆ ನಡೆಯುತ್ತಿದ್ದವರಿಗೆ ಮತ್ತೊಂದು ರೈಲು ಬಡಿದು ಸಾವು ಸಂಭವಿಸಿತು. ನಾಲ್ಕು ಜನ ಹಳಿಗೆ ಇಳಿದರೆಂದು ಹೊಸಬನೂ ಇಳಿಯುತ್ತಾನೆ. ಅಭ್ಯಾಸವುಳ್ಳವರನ್ನೇ ಅನುಸರಿಸುವುದು ಸುರಕ್ಷಿತವೆಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ.

ಪರಿಹಾರದ ಕಾನೂನು ಪ್ರಯಾಣಿಕರ ಪರವಾಗಿದೆ ಎಂಬುದು ತಿಳಿದಿರಬೇಕಾದ ಸಂಗತಿ. ರೈಲು ಹತ್ತುವ ಯತ್ನದಲ್ಲಿ ಬಿದ್ದು ಸತ್ತರೂ ಅದು ರೈಲ್ವೆ ಹೊಣೆಹೊರಬೇಕಾದ ಅವಘಡವೇ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಮೃತನ ಬಳಿ ಟಿಕೆಟ್ ಸಿಗಲಿಲ್ಲ ಎಂಬ ಮಾತ್ರಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು 2018ರಲ್ಲಿ ಸ್ಪಷ್ಟಪಡಿಸಿತು. 2017ರ ಜನವರಿಯಿಂದ ಸಾವಿಗೆ ನೀಡುವ ಪರಿಹಾರ 8 ಲಕ್ಷ ರೂಪಾಯಿ. ಆದರೆ ಹಳಿ ದಾಟುವಾಗ ಸತ್ತವನು ದಾಖಲೆಯಲ್ಲಿ 'ಅತಿಕ್ರಮಿ' ಆಗುತ್ತಾನೆ, ಅಂಥವನ ಕುಟುಂಬಕ್ಕೆ ಈ ಪರಿಹಾರ ದಕ್ಕುವುದು ದುರ್ಲಭ. ಹೀಗಾಗಿ ಶವ ಸಿಕ್ಕ ಜಾಗದ ಬಗ್ಗೆ ಪೊಲೀಸರು ಬರೆದುಕೊಳ್ಳುವ ನಾಲ್ಕು ಸಾಲುಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ. ನಿತ್ಯ ಪ್ರಯಾಣಿಕನ ಕಿಸೆಯಲ್ಲಿ ಪಾಸು, ಗುರುತುಚೀಟಿ ಇರುತ್ತವೆ, ಆತ ಯಾವ ಗಾಡಿಯಲ್ಲಿ ಬರುತ್ತಿದ್ದನೆಂದು ಹೇಳಲು ಜತೆಗಾರರಿರುತ್ತಾರೆ. ಪರವೂರಿನವನ ಪಾಲಿಗೆ ಇವೆರಡೂ ಇರುವುದಿಲ್ಲ.

ಮುಂಬ್ರಾ ದುರಂತದ ಬೆನ್ನಿಗೇ ಮುಂಬಯಿಗೆಂದು ಹೊಸದಾಗಿ ತಯಾರಾಗುವ ಎ.ಸಿ.ರಹಿತ ರೈಲುಗಳಿಗೂ ಸ್ವಯಂಚಾಲಿತ ಬಾಗಿಲು ಅಳವಡಿಸುವುದಾಗಿ ರೈಲ್ವೆ ಪ್ರಕಟಿಸಿತು. ಉಸಿರುಗಟ್ಟದಂತೆ ಬಾಗಿಲಲ್ಲಿ ಗಾಳಿಕಿಂಡಿ, ಛಾವಣಿಯಲ್ಲಿ ಗಾಳಿ ಯಂತ್ರ, ಬೋಗಿಯಿಂದ ಬೋಗಿಗೆ ಹೋಗಲು ದಾರಿ ಎಂಬುದು ಯೋಜನೆ. ಬಾಗಿಲು ಮುಚ್ಚಿದರೆ ಸುರಕ್ಷತೆಯ ಹೊಣೆ ಮೊದಲ ಬಾರಿಗೆ ಪ್ರಯಾಣಿಕನ ಕೈಯಿಂದ ವ್ಯವಸ್ಥೆಯ ಕೈಗೆ ಬರುತ್ತದೆ. ಹೊಸಬನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ತೊಡಕೇನೆಂದರೆ, ಇಂದು ಬಾಗಿಲಲ್ಲಿ ನೇತಾಡುವವರು ಅಂದು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ. ಬಾಗಿಲು ಮುಚ್ಚಿ ತೆರೆಯಲು ಹಿಡಿಯುವ ಹತ್ತಿಪ್ಪತ್ತು ಸೆಕೆಂಡು ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ ಓಡುವ ಹಳಿಯ ಮೇಲೆ ನಿಲ್ದಾಣದಿಂದ ನಿಲ್ದಾಣಕ್ಕೆ ಸೇರುತ್ತಾ ಹೋಗುತ್ತದೆ. ಗಾಡಿಗಳ ಸಂಖ್ಯೆ ಹೆಚ್ಚಿಸದೆ ಬಾಗಿಲು ಮಾತ್ರ ಹಾಕಿದರೆ ನೂಕುನುಗ್ಗಲು ಬೋಗಿಯಿಂದ ಸೇತುವೆಗೆ ಸ್ಥಳಾಂತರವಾದೀತು. ಸೇತುವೆಯ ನೂಕುನುಗ್ಗಲು ಎಂದರೇನೆಂಬುದನ್ನು ಎಲ್ಫಿನ್‌ಸ್ಟನ್ ತೋರಿಸಿಕೊಟ್ಟಿದೆ. 2017ರ ಡಿಸೆಂಬರ್ 25ರಂದು ಆರಂಭವಾದ ಎ.ಸಿ. ಲೋಕಲ್‌ಗಳು ಮುಚ್ಚಿದ ಬಾಗಿಲಿನೊಡನೆಯೇ ಓಡುತ್ತಿವೆ. 2022ರಲ್ಲಿ ಅವುಗಳ ಬಿಡಿ ಟಿಕೆಟ್ ದರ ಅರ್ಧಕ್ಕಿಳಿದ ಮೇಲೆ ಜನ ಹೆಚ್ಚಿದರು. ಆದರೂ ಒಟ್ಟು ಗಾಡಿಗಳಲ್ಲಿ ಅವುಗಳ ಪಾಲು ಇಂದಿಗೂ ಚಿಕ್ಕದು.

ಈ ನಡುವೆ ಪರವೂರಿನವರಿಗೆ ಬೇರೊಂದು ದಾರಿ ತೆರೆದುಕೊಂಡಿದೆ. 2025ರ ಅಕ್ಟೋಬರ್‌ನಲ್ಲಿ ಪೂರ್ಣಗೊಂಡ ಭೂಗತ ಮೆಟ್ರೊ ಮೂರನೇ ಮಾರ್ಗ ಆರೆಯಿಂದ ವಿಮಾನ ನಿಲ್ದಾಣ, ದಾದರ್, ಸಿ.ಎಸ್.ಎಂ.ಟಿ., ಚರ್ಚ್‌ಗೇಟ್ ಮೂಲಕ ಕಫ್ ಪರೇಡ್ ತಲುಪುತ್ತದೆ. ದರ 10ರಿಂದ 70 ರೂಪಾಯಿ. ಅಲ್ಲಿ ಬಾಗಿಲು ತಾನಾಗಿ ಮುಚ್ಚುತ್ತದೆ, ಮುಂದಿನ ನಿಲ್ದಾಣದ ಹೆಸರು ಕಣ್ಣಿಗೆ ಕಾಣುತ್ತದೆ, ಹೊಸಬನಿಗೂ ಹಳಬನಿಗೂ ಅಂತರವಿಲ್ಲ. ಆದರೆ ಅಂಬರನಾಥ, ಡೊಂಬಿವಲಿ, ವಿರಾರ್‌ಗಳಿಗೆ ಆ ಮೆಟ್ರೊ ಹೋಗುವುದಿಲ್ಲ. ಬಾಡಿಗೆ ಕಡಿಮೆಯೆಂದು ಊರಿನವರು ಮನೆ ಮಾಡಿರುವುದು, ಬಂದ ನೆಂಟರು ಹುಡುಕಿಕೊಂಡು ಹೋಗಬೇಕಾದದ್ದು ಹೆಚ್ಚಾಗಿ ಅಂಥಲ್ಲಿಗೇ.